ಕೇಬಲ್ ಮನೆಗಳ ಲೆಕ್ಕದಲ್ಲಿ ಕಾಲೇಜು ಫುಟ್‌ಬಾಲ್

2007ರ ಸೆಪ್ಟೆಂಬರ್ 1, ಶನಿವಾರ. ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಕ್ರೀಡಾಂಗಣದಲ್ಲಿ 1,09,000ಕ್ಕೂ ಹೆಚ್ಚು ಜನ ಕೂತಿದ್ದರು. ದೇಶದಲ್ಲಿ ಐದನೇ ಸ್ಥಾನದಲ್ಲಿದ್ದ ಮಿಷಿಗನ್ ವಿಶ್ವವಿದ್ಯಾಲಯದ ತಂಡಕ್ಕೆ ಎದುರಾಳಿಯಾಗಿ ಬಂದದ್ದು ಉತ್ತರ ಕೆರೊಲಿನಾದ ಬೆಟ್ಟಸೀಮೆಯ ಅಪಲಾಚಿಯನ್ ಸ್ಟೇಟ್, ಆಗ ಒಂದು ಮೆಟ್ಟಿಲು ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದ ತಂಡ. ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಅಪಲಾಚಿಯನ್ 34, ಮಿಷಿಗನ್ 32. ಕಂಬಗಳ ನಡುವೆ ಚೆಂಡು ಒದ್ದು ಮೂರು ಅಂಕ ಗಳಿಸಿದರೆ ಮಿಷಿಗನ್ ಗೆಲ್ಲುತ್ತಿತ್ತು. ಕೋರಿ ಲಿಂಚ್ ಎಂಬ ಆಟಗಾರ ಎದುರಿಗೆ ಹಾರಿ ಆ ಒದೆತವನ್ನು ತಡೆದ. ಪುಟಿದ ಚೆಂಡನ್ನು ತಾನೇ ಹಿಡಿದು ಮೈದಾನದ ಆ ತುದಿಯ ಕಡೆಗೆ ಓಡಿದ. ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ಇಷ್ಟು ದೊಡ್ಡ ಅಚ್ಚರಿಯ ಸೋಲುಗಳು ಬೆರಳೆಣಿಕೆಯಷ್ಟು. ಆದರೆ ಅದೇ ಊರಿನಲ್ಲಿ ಕಾಮ್‌ಕಾಸ್ಟ್ ಕೇಬಲ್ ಹಾಕಿಸಿಕೊಂಡಿದ್ದ ಮನೆಗಳ ಟಿವಿಗೆ ಈ ಆಟ ಬರಲಿಲ್ಲ. ಅದು ಬರುತ್ತಿದ್ದದ್ದು ಬಿಗ್ ಟೆನ್ ನೆಟ್‌ವರ್ಕ್ ಎಂಬ, ಹುಟ್ಟಿ ಮೂರನೇ ದಿನದ ಚಾನೆಲ್‌ನಲ್ಲಿ. ಕಾಮ್‌ಕಾಸ್ಟ್‌ಗೂ ಆ ಚಾನೆಲ್‌ಗೂ ದರದ ಒಪ್ಪಂದ ಕುದುರಿರಲಿಲ್ಲ.

ಆ ಚಾನೆಲ್ ಮಿಷಿಗನ್ ಆಡುವ ಬಿಗ್ ಟೆನ್ ಕಾನ್ಫರೆನ್ಸಿನದು. ಕಾನ್ಫರೆನ್ಸ್ ಎಂದರೆ ಒಂದು ಸೀಮೆಯ ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲೇ ಪಂದ್ಯ ಆಡಿಕೊಳ್ಳಲು ಕಟ್ಟಿಕೊಂಡ ಕೂಟ. ಆ ಕೂಟಗಳು ಪ್ರಸಾರದ ಹಕ್ಕನ್ನು ಬೇರೆಯವರಿಗೆ ಮಾರುವುದನ್ನು ಬಿಟ್ಟು ತಾವೇ ಚಾನೆಲ್ ತೆರೆದ ಕಾಲದಲ್ಲಿ ನೋಡುಗನಿಗೆ ಏನಾಯಿತು ಎಂಬುದು ಇಲ್ಲಿನ ಪ್ರಶ್ನೆ. ನನ್ನ ವಾದ ಇಷ್ಟು: ಈ ಚಾನೆಲ್‌ಗಳು ಮಾರಿದ್ದು ಆಟವನ್ನು, ಆದರೆ ಮಾರಿದ್ದು ನೋಡುಗನಿಗಲ್ಲ. ಕೊಳ್ಳುವವನು ಕೇಬಲ್ ಕಂಪನಿ. ನೋಡುಗನ ಅಭಿಮಾನ ಆ ವ್ಯಾಪಾರದಲ್ಲಿ ಒತ್ತಾಯದ ಸಾಧನವಾಯಿತು. ಅವನ ಮನೆ ಎಣಿಕೆಯ ಒಂದು ಅಂಕಿಯಾಯಿತು. ಮುಂದೆ ಆ ಎಣಿಕೆಯೇ ನೂರು ವರ್ಷ ಹಳೆಯ ಕೂಟಗಳನ್ನು ಒಡೆಯಿತು.

ಇದರ ಬೇರು ಹುಡುಕಿದರೆ 1951ಕ್ಕೆ ಹೋಗಬೇಕು. ಕಾಲೇಜು ಕ್ರೀಡೆಗಳ ಕೇಂದ್ರ ಸಂಸ್ಥೆಯಾದ ಎನ್‌ಸಿಎಎಗೆ ಆಗ ಟಿವಿ ಎಂದರೆ ಭಯ. ಮನೆಯಲ್ಲೇ ಆಟ ಸಿಕ್ಕರೆ ಟಿಕೆಟ್ ಕೊಂಡು ಯಾರು ಬರುತ್ತಾರೆ ಎಂದು ಯೋಚಿಸಿ ಪ್ರಸಾರಕ್ಕೆ ಅದು ಕಡಿವಾಣ ಹಾಕಿತು. 1940ರಿಂದ ತವರಿನ ಪಂದ್ಯಗಳನ್ನು ಟಿವಿಗೆ ಕೊಡುತ್ತಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ತಿರುಗಿಬಿದ್ದಿತು. ಅದರೊಡನೆ ಆಡಬೇಕಿದ್ದ ಕಾಲೇಜುಗಳು ಆಡುವುದಿಲ್ಲ ಎಂದಾಗ ತಣ್ಣಗಾಯಿತು. ಅಲ್ಲಿಂದ ಮೂರು ದಶಕ, ಶನಿವಾರ ಯಾವ ಆಟ ಟಿವಿಯಲ್ಲಿ ಬರಬೇಕು ಎಂದು ತೀರ್ಮಾನಿಸಿದ್ದು ಒಂದೇ ಸಂಸ್ಥೆ. 1982ರ ಯೋಜನೆಯ ಪ್ರಕಾರ ಎಷ್ಟೇ ಜನಪ್ರಿಯ ತಂಡವಾದರೂ ಎರಡು ವರ್ಷದಲ್ಲಿ ಆರು ಸಲಕ್ಕಿಂತ ಹೆಚ್ಚು ತೆರೆಗೆ ಬರುವಂತಿರಲಿಲ್ಲ. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ನ್ಯಾಯಾಲಯಕ್ಕೆ ಎಳೆದವು. 1984ರ ಜೂನ್ 27ರಂದು ಸುಪ್ರೀಂ ಕೋರ್ಟು ಏಳಕ್ಕೆ ಎರಡರ ಬಹುಮತದಿಂದ ಆ ಕಡಿವಾಣವನ್ನು ಕಿತ್ತುಹಾಕಿತು.

ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಬರೆದ ಆ ತೀರ್ಪಿನಲ್ಲಿ ಬರುವ ಒಂದು ಉದಾಹರಣೆಯನ್ನು ಗಮನಿಸಬೇಕು. 1981ರ ಒಂದು ವಾರಾಂತ್ಯ ಒಕ್ಲಹೋಮಾ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ತಂಡಗಳ ಆಟ 200ಕ್ಕೂ ಹೆಚ್ಚು ಕೇಂದ್ರಗಳಲ್ಲಿ ಪ್ರಸಾರವಾಯಿತು. ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಆಟ ನಾಲ್ಕೇ ಕೇಂದ್ರಗಳಲ್ಲಿ. ನಾಲ್ಕೂ ತಂಡಗಳಿಗೆ ಸಿಕ್ಕ ಹಣ ಮಾತ್ರ ಸಮ. ಜನ ಏನು ನೋಡಬಯಸುತ್ತಾರೆ ಎಂಬುದಕ್ಕೂ ಬೆಲೆಗೂ ಸಂಬಂಧವೇ ಕಡಿದುಹೋಗಿದೆ ಎಂಬುದು ನ್ಯಾಯಾಲಯದ ಆಕ್ಷೇಪ. ಅಂದರೆ ತೀರ್ಪು ಬಂದದ್ದು ನೋಡುಗನ ಹೆಸರಿನಲ್ಲಿ. ಮೊದಮೊದಲು ಫಲವೂ ಅವನಿಗೇ ದಕ್ಕಿತು: ಪಂದ್ಯಗಳು ಮಾರುಕಟ್ಟೆಗೆ ಹರಿದುಬಂದವು, ಹಕ್ಕಿನ ಬೆಲೆ ಇಳಿಯಿತು, ಶನಿವಾರಗಳು ತುಂಬಿದವು. ಬೆಲೆಗೂ ಬಯಕೆಗೂ ಸಂಬಂಧ ಕಡಿದ ಆ ಸ್ಥಿತಿ 2007ರಲ್ಲಿ ಇನ್ನೊಂದು ರೂಪದಲ್ಲಿ ಮರಳಿ ಬಂದಾಗ, ಅದೇ ಅಪಲಾಚಿಯನ್ ಸ್ಟೇಟ್ ಅದರ ನಡುವೆ ನಿಂತಿತ್ತು ಎಂಬುದು ನನಗೆ ಬರಿಯ ಕಾಕತಾಳೀಯವಾಗಿ ಕಾಣುವುದಿಲ್ಲ. ಸಣ್ಣ ತಂಡಗಳ ಆಟ ಯಾರ ಕಣ್ಣಿಗೆ ಬೀಳಬೇಕು ಎಂಬುದು ಎರಡು ಕಾಲದಲ್ಲೂ ಮೈದಾನದ ಹೊರಗೆ ತೀರ್ಮಾನವಾಗುತ್ತಿತ್ತು.

1984ರಿಂದ 2007ರವರೆಗಿನ ಏರ್ಪಾಡನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ದೊಡ್ಡ ಪಂದ್ಯಗಳು ದೇಶವ್ಯಾಪಿ ಚಾನೆಲ್‌ಗಳಿಗೆ ಹೋದ ಮೇಲೆ ಉಳಿದವನ್ನು ಸಿಂಡಿಕೇಟ್ ಕಂಪನಿಗಳು ಕೊಂಡು ಊರೂರಿನ ಸ್ಥಳೀಯ ಟಿವಿ ಕೇಂದ್ರಗಳಿಗೆ ಹಂಚುತ್ತಿದ್ದವು. ದಕ್ಷಿಣದಲ್ಲಿ ಜೆಫರ್ಸನ್ ಪೈಲಟ್, ಬಿಗ್ ಟೆನ್ ಸೀಮೆಯಲ್ಲಿ ಇಎಸ್‌ಪಿಎನ್ ಪ್ಲಸ್. ಮಾಡಿನ ಮೇಲೆ ಆ್ಯಂಟೆನಾ ಇದ್ದರೆ ಸಾಕು, ಮಧ್ಯಾಹ್ನದ ಆಟ ಬಿಟ್ಟಿಯಾಗಿ ಸಿಗುತ್ತಿತ್ತು. ಕಾನ್ಫರೆನ್ಸ್ ಚಾನೆಲ್ ಬಂದಾಗ ಹೊಸ ಆಟಗಳು ಹುಟ್ಟಿಕೊಂಡವು ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಬಿಟ್ಟಿ ಸಿಗುತ್ತಿದ್ದ ಆಟಗಳು ಹಣ ಕೊಡುವ ಪೆಟ್ಟಿಗೆಯೊಳಗೆ ಹೋದದ್ದು ಇನ್ನರ್ಧ.

ಮೊದಲ ಪ್ರಯೋಗ ನಡೆದದ್ದು ಪಶ್ಚಿಮದ ಮೌಂಟನ್ ವೆಸ್ಟ್ ಕಾನ್ಫರೆನ್ಸಿನಲ್ಲಿ, 2006ರ ಸೆಪ್ಟೆಂಬರಿನಲ್ಲಿ. ತನ್ನ ಅಭಿಮಾನಿಗಳಿಗೇ ಸರಿಯಾಗಿ ತಲುಪಲಾಗದೆ ಆ ಚಾನೆಲ್ 2012ರಲ್ಲಿ ಮುಚ್ಚಿತು. ಬಿಗ್ ಟೆನ್ ಬೇರೆ ತೂಕದ್ದು. ಶೇ. 51 ಪಾಲು ಕಾನ್ಫರೆನ್ಸಿನದು, ಶೇ. 49 ಟಿವಿ ಕಂಪನಿ ಫಾಕ್ಸ್‌ನದು, ಮುಂದೆ ಹೆಚ್ಚಿನ ಪಾಲು ಫಾಕ್ಸ್ ಕೈಸೇರಿತು. ಕಮಿಷನರ್ ಜಿಮ್ ಡೆಲಾನಿ ಅವರ ಬೇಡಿಕೆ ಎರಡು. ಕೂಟದ ಎಂಟು ರಾಜ್ಯಗಳಲ್ಲಿ ಚಾನೆಲ್ ಎಲ್ಲರ ಮೂಲ ಪ್ಯಾಕೇಜಿನಲ್ಲಿರಬೇಕು. ಅಲ್ಲಿ ಪ್ರತಿ ಮನೆಗೆ ತಿಂಗಳಿಗೆ ಸುಮಾರು 1.10 ಡಾಲರ್ ಕೊಡಬೇಕು ಎಂದು ಆಗ ಪತ್ರಿಕೆಗಳು ವರದಿ ಮಾಡಿದವು. ಕಾಮ್‌ಕಾಸ್ಟ್ ಒಪ್ಪಲಿಲ್ಲ. ಬೇಕಾದವರು ಬೇರೆಯಾಗಿ ಹಣ ಕೊಟ್ಟು ನೋಡುವ ಕ್ರೀಡಾ ಪ್ಯಾಕೇಜಿಗೆ ಹಾಕುತ್ತೇವೆ ಎಂದಿತು. ಈ ಹಟದಲ್ಲಿ ಒಂದು ಇಡೀ ಋತು ಕಳೆದುಹೋಯಿತು. 2008ರ ಜೂನ್‌ನಲ್ಲಿ ರಾಜಿಯಾದಾಗ ದರ 70 ಸೆಂಟಿನ ಆಸುಪಾಸಿಗೆ ಇಳಿದಿತ್ತು ಎಂಬುದು ವರದಿ. ಚಾನೆಲ್ ಮೂಲ ಪ್ಯಾಕೇಜಿಗೇ ಸೇರಿತು.

ಮೊದಲು ಕೇಳಿದ 1.10 ಡಾಲರ್ ಎಂದರೆ ವರ್ಷಕ್ಕೆ 13.20. ಫುಟ್‌ಬಾಲ್ ಎಂದರೆ ಏನೆಂದೇ ತಿಳಿಯದ ಓಹಾಯೊದ ಅಜ್ಜಿಯೊಬ್ಬಳು ಅಡುಗೆ ಕಾರ್ಯಕ್ರಮ ನೋಡಲು ಕೇಬಲ್ ಹಾಕಿಸಿಕೊಂಡಿದ್ದರೂ ಆ ಹಣ ಅವಳ ಬಿಲ್ಲಿನೊಳಗೆ ಇರುತ್ತದೆ. ಬಿಲ್ಲಿನಲ್ಲಿ ಚಾನೆಲ್‌ನ ಹೆಸರಿರುವುದಿಲ್ಲ. ಮೂಲ ಪ್ಯಾಕೇಜ್ ಎಂಬ ಒಂದು ಸಾಲು, ಅದರ ಮುಂದೆ ಒಂದು ಮೊತ್ತ, ಅಷ್ಟೆ. ಹತ್ತು ಲಕ್ಷ ಮನೆಗಳಾದರೆ ವರ್ಷಕ್ಕೆ 1.32 ಕೋಟಿ ಡಾಲರ್. ಅವುಗಳಲ್ಲಿ ಎಷ್ಟು ಮನೆ ಆ ಚಾನೆಲ್ ಹಾಕಿದವು ಎಂಬುದು ಈ ಲೆಕ್ಕಕ್ಕೆ ಬೇಕೇ ಇಲ್ಲ. ಕಟ್ಟಾ ಅಭಿಮಾನಿಯ ಪಾತ್ರ ಬೇರೆ. ಒಪ್ಪಂದ ಮುರಿದಾಗ ಕರೆ ಮಾಡಿ ಗಲಾಟೆ ಮಾಡುವವನು, ಕಂಪನಿ ಬದಲಿಸುತ್ತೇನೆ ಎಂದು ಹೆದರಿಸುವವನು ಅವನು. ಅವನ ಸಿಟ್ಟಿನಿಂದ ಒತ್ತಡ, ಅಜ್ಜಿಯ ಬಿಲ್ಲಿನಿಂದ ಆದಾಯ. ಈ ಎರಡೂ ಸೇರದೆ ಆ ಚಾನೆಲ್ ನಿಲ್ಲುತ್ತಿರಲಿಲ್ಲ.

ಇದಕ್ಕೆ ಗಟ್ಟಿಯಾದ ಪ್ರತಿವಾದಗಳಿವೆ. ಮೊದಲನೆಯದು: ಇಂದು ತೆರೆಗೆ ಬರುವಷ್ಟು ಆಟಗಳು ಹಿಂದೆಂದೂ ಬರುತ್ತಿರಲಿಲ್ಲ. ನಿಜ. ಮಹಿಳೆಯರ ವಾಲಿಬಾಲ್, ಕುಸ್ತಿ, ಸಾಫ್ಟ್‌ಬಾಲ್ ಈ ಚಾನೆಲ್‌ಗಳಿಂದಲೇ ಮನೆಮನೆಗೆ ಬಂದವು. ಆ ಲಾಭವನ್ನು ನಾನು ಸಣ್ಣದೆಂದು ಹೇಳಲಾರೆ. ಎರಡನೆಯದು: ಕಾಮ್‌ಕಾಸ್ಟ್ ನೋಡುಗನ ಪರವಾಗಿ ನಿಂತಂತೆ ಮಾತಾಡಿತಾದರೂ ತನ್ನದೇ ಒಡೆತನದ ವರ್ಸಸ್ ಮತ್ತು ಗಾಲ್ಫ್ ಚಾನೆಲ್‌ಗಳನ್ನು ಮೂಲ ಪ್ಯಾಕೇಜಿನಲ್ಲೇ ಇಟ್ಟುಕೊಂಡಿತ್ತು. ಇದೂ ನಿಜ. ಆದರೆ ಇದರಿಂದ ತಿಳಿಯುವುದು ಜಗಳದಲ್ಲಿ ಇಬ್ಬರೂ ನೋಡುಗನ ಪ್ರತಿನಿಧಿಗಳಲ್ಲ ಎಂದಷ್ಟೇ. ಮೂರನೆಯದು ಹೆಚ್ಚು ತೂಕದ್ದು: ಬೇಕಾದವರಿಗೆ ಮಾತ್ರ ಮಾರಿದರೆ ಒಬ್ಬೊಬ್ಬ ಅಭಿಮಾನಿಗೂ ಬೆಲೆ ಎಷ್ಟೋ ಪಟ್ಟು ಏರುತ್ತದೆ, ಬಂದ ಹಣ ವಿಶ್ವವಿದ್ಯಾಲಯಗಳಿಗೇ ತಾನೆ ಹೋಗುವುದು ಎನ್ನುತ್ತಾರೆ. ಏರಬಹುದು. ಆದರೆ ಅಭಿಮಾನಿಗೆ ಬೆಲೆ ಕಾಣುತ್ತದೆ. ಬೇಡವೆನ್ನುವ ಅಧಿಕಾರವೂ ಇರುತ್ತದೆ. ಬಿಗ್ ಟೆನ್ ಕೂಟದಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು. ತೆರಿಗೆ ಕಟ್ಟುವ ಪ್ರಜೆ ತನ್ನ ರಾಜ್ಯದ ತಂಡದ ಆಟಕ್ಕಾಗಿ ಎರಡನೇ ಸಲ, ಅದೂ ಗೊತ್ತಿಲ್ಲದೆ, ಹಣ ಕೊಡುವುದನ್ನು ವಿದ್ಯೆಗೆ ಕೊಟ್ಟ ದಾನ ಎಂದು ಕರೆಯಲಾಗದು.

ಮನೆ ಎಣಿಸುವ ಈ ರೀತಿಯ ದೊಡ್ಡ ಪರಿಣಾಮ ಬಿಲ್ಲಿನಲ್ಲಿ ಅಲ್ಲ, ಭೂಪಟದಲ್ಲಿ ಕಂಡಿತು. ಕೂಟದ ರಾಜ್ಯದೊಳಗೆ ಒಂದು ದರ, ಹೊರಗೆ ಕೆಲವೇ ಸೆಂಟು. ಹೀಗಿದ್ದಾಗ ಹೊಸ ರಾಜ್ಯದ ಒಂದು ವಿಶ್ವವಿದ್ಯಾಲಯವನ್ನು ಸೇರಿಸಿಕೊಂಡರೆ ಆ ರಾಜ್ಯದ ಲಕ್ಷಾಂತರ ಮನೆಗಳು ದುಬಾರಿ ದರಕ್ಕೆ ಬರುತ್ತವೆ. ತಂಡ ಚೆನ್ನಾಗಿ ಆಡಬೇಕೆಂದೇನೂ ಇಲ್ಲ. 2012ರ ನವೆಂಬರಿನಲ್ಲಿ ಬಿಗ್ ಟೆನ್ ಆರಿಸಿಕೊಂಡದ್ದು ಮೇರಿಲ್ಯಾಂಡ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳನ್ನು. ಮೇರಿಲ್ಯಾಂಡ್ 1953ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸನ್ನು ಕಟ್ಟಿದವರಲ್ಲಿ ಒಂದು. ರಟ್ಗರ್ಸ್ 1869ರ ನವೆಂಬರ್ 6ರಂದು ಪ್ರಿನ್ಸ್‌ಟನ್ ಎದುರು ಅಮೆರಿಕದ ಮೊಟ್ಟಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿ ಗೆದ್ದ ಶಾಲೆ. 2012ರಲ್ಲಿ ಈ ಚರಿತ್ರೆಗಿಂತ ಹೆಚ್ಚು ಬೆಲೆ ಬಾಳಿದ್ದು ಒಂದು ವಾಷಿಂಗ್ಟನ್ ಪಕ್ಕದಲ್ಲಿ, ಇನ್ನೊಂದು ನ್ಯೂಯಾರ್ಕ್ ಪಕ್ಕದಲ್ಲಿ ಇರುವುದು. ಮೇರಿಲ್ಯಾಂಡ್‌ನ ಅಭಿಮಾನಿ ಅರವತ್ತು ವರ್ಷದಿಂದ ಬೈದುಕೊಂಡು ಪ್ರೀತಿಸಿದ್ದ ಎದುರಾಳಿಗಳು ಹೋಗಿ, ಅವನು ಎಂದೂ ಯೋಚಿಸದ ನೆಬ್ರಾಸ್ಕಾ, ಮಿನೆಸೋಟಾ ಅವನ ಶನಿವಾರಗಳಿಗೆ ಬಂದವು.

ಪೆಸಿಫಿಕ್ ಕರಾವಳಿಯ ಪ್ಯಾಕ್-12 ಕಥೆ ಇನ್ನೂ ನೋವಿನದು. ಕಮಿಷನರ್ ಲ್ಯಾರಿ ಸ್ಕಾಟ್ ಕಾಲದಲ್ಲಿ, 2012ರ ಆಗಸ್ಟ್ 15ರಂದು, ಆ ಕೂಟ ಪಾಲುದಾರರಿಲ್ಲದೆ ತನ್ನದೇ ಚಾನೆಲ್‌ಗಳನ್ನು ತೆರೆಯಿತು: ದೇಶಕ್ಕೆ ಒಂದು, ಸೀಮೆಗೊಂದರಂತೆ ಆರು. ಪೂರ್ತಿ ಒಡೆತನ ತಮ್ಮದೇ ಎಂಬ ಹೆಮ್ಮೆಗೆ ಅರ್ಥವಿತ್ತು. ಆದರೆ ಸುಮಾರು ಎರಡು ಕೋಟಿ ಮನೆಗಳಿಗೆ ಡಿಶ್ ಒದಗಿಸುತ್ತಿದ್ದ ಡೈರೆಕ್‌ಟಿವಿ ಕೊನೆಯವರೆಗೂ ಅವನ್ನು ತೆಗೆದುಕೊಳ್ಳಲಿಲ್ಲ. ಎರಡು ವರ್ಷದ ನಂತರ ಬಂದ, ದಕ್ಷಿಣದ ಎಸ್‌ಇಸಿ ಕೂಟದ ಚಾನೆಲ್ ಆದ ಎಸ್‌ಇಸಿ ನೆಟ್‌ವರ್ಕ್ ಮೊದಲ ದಿನವೇ ಹೆಚ್ಚುಕಮ್ಮಿ ಎಲ್ಲ ದೊಡ್ಡ ಕಂಪನಿಗಳಲ್ಲೂ ಕಾಣಿಸಿಕೊಂಡಿತು. ಅದರ ಒಡೆತನ ದೊಡ್ಡ ಕ್ರೀಡಾ ಚಾನೆಲ್ ಆದ ಇಎಸ್‌ಪಿಎನ್‌ನದು. ಒಂದು ಚಾನೆಲ್ ಬೇಡವೆಂದರೆ ಇಎಸ್‌ಪಿಎನ್ನೂ ಸಿಗುವುದು ಕಷ್ಟವೆಂಬ ಭಯವೇ ಬಾಗಿಲು ತೆರೆಸಿತು. ಪ್ಯಾಕ್-12 ಬಳಿ ಹಾಗೆ ಹೆದರಿಸಲು ಏನೂ ಇರಲಿಲ್ಲ. ಒಡೆತನ ಸ್ವಂತದ್ದಾದರೆ ನೋಡುಗನಿಗೆ ಒಳ್ಳೆಯದಾದೀತು ಎಂಬ ಸರಳ ನಂಬಿಕೆ ಇಲ್ಲಿ ಮುರಿಯುತ್ತದೆ. ಒರೆಗಾನ್‌ನಲ್ಲಿ ಡೈರೆಕ್‌ಟಿವಿಯ ಡಿಶ್ ಇಟ್ಟುಕೊಂಡಿದ್ದ ಹಳ್ಳಿಯ ಮನೆಗೆ ತನ್ನ ರಾಜ್ಯದ ತಂಡದ ಎಷ್ಟೋ ಶನಿವಾರಗಳು ಕಪ್ಪು ತೆರೆಯಾದವು. ಒಡೆಯ ಯಾರೇ ಇರಲಿ, ಮನೆ ಎಣಿಸಿ ಮಾರುವ ರೀತಿ ಬದಲಾಗದಿದ್ದರೆ ಫಲ ಅದೇ.

ಅಷ್ಟರಲ್ಲಿ ಎಣಿಕೆಯ ಮನೆಗಳೇ ಕರಗತೊಡಗಿದ್ದವು. ಜನ ಕೇಬಲ್ ಕಿತ್ತು ಇಂಟರ್‌ನೆಟ್ಟಿಗೆ ಹೊರಳಿದರು. ಅಡುಗೆ ಕಾರ್ಯಕ್ರಮದ ಅಜ್ಜಿಯಂಥವರಿಗೆ ಪೂರ್ತಿ ಪ್ಯಾಕೇಜ್ ಬೇಕಾಗಿರಲಿಲ್ಲ. 2022ರ ಜೂನ್ 30ರಂದು ಪ್ಯಾಕ್-12 ಕೂಟದ ಸದರ್ನ್ ಕ್ಯಾಲಿಫೋರ್ನಿಯಾ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುತ್ತೇವೆ ಎಂದವು. ಮರುವರ್ಷ ಆಗಸ್ಟ್‌ನಲ್ಲಿ ಒರೆಗಾನ್, ವಾಷಿಂಗ್ಟನ್ ಹಿಂಬಾಲಿಸಿದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ದಡದ ಎರಡು ಶಾಲೆಗಳು, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದವು. ಹನ್ನೆರಡರಲ್ಲಿ ಹತ್ತು ಹೋಗಿ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. 2024ರ ಜೂನ್ 30ರಂದು ಪ್ಯಾಕ್-12 ಚಾನೆಲ್‌ಗಳು ನಿಂತುಹೋದವು. ಆ ಋತುವಿನಲ್ಲಿ ಉಳಿದ ಎರಡು ತಂಡಗಳ ತವರಿನ ಪಂದ್ಯಗಳಲ್ಲಿ ಬಹುಪಾಲು ಸಿಡಬ್ಲ್ಯು ಜಾಲದಲ್ಲಿ ಪ್ರಸಾರವಾದವು. ಚಿತ್ರೀಕರಣ, ನಿರ್ಮಾಣದ ಕೆಲಸ ಕ್ಯಾಲಿಫೋರ್ನಿಯಾದ ಸಾನ್ ರಾಮೋನ್‌ನಲ್ಲಿರುವ ಅದೇ ಹಳೆಯ ಚಾನೆಲ್‌ನ ಸ್ಟುಡಿಯೊದ್ದು. ಸಿಡಬ್ಲ್ಯು ಸ್ಥಳೀಯ ಕೇಂದ್ರಗಳ ಮೂಲಕ ಗಾಳಿಯಲ್ಲಿ ಬರುವ ಜಾಲ. ಒರೆಗಾನ್ ಸ್ಟೇಟ್‌ನ ಊರಾದ ಕೊರ್ವಾಲಿಸ್‌ನ ಸುತ್ತಲಿನ ಮನೆಯವರು ಒಂದು ಆ್ಯಂಟೆನಾ ಏರಿಸಿದರೆ ಸಾಕಿತ್ತು.