ಹಡ್ಸನ್ ನದಿಯ ಮೀನು: ಒಂದು ಲೆಕ್ಕದ ಚರಿತ್ರೆ

ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಕೊಳೆಯೆಲ್ಲ ಪ್ರವಾಹದೊಡನೆ ಸಾಗಿಹೋಗುತ್ತದೆಂಬ ಅನುಭವವೇ ಈ ಮಾತಿಗೆ ಆಧಾರವಾಗಿರಬೇಕು. ನಮ್ಮ ಸಂಘದ ಹಲವು ಕುಟುಂಬಗಳು ವಾಸಿಸುವ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ನದಿಯ ಚರಿತ್ರೆಯನ್ನು ನೋಡಿದರೆ ಈ ಮಾತಿಗೆ ಒಂದು ತಿದ್ದುಪಡಿ ಅಗತ್ಯವೆನಿಸುತ್ತದೆ.

ಆಡಿರಾಂಡಾಕ್ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಸುಮಾರು 315 ಮೈಲಿ ಹರಿದು ನ್ಯೂಯಾರ್ಕ್ ಬಂದರನ್ನು ಸೇರುತ್ತದೆ. ಇದರ ಮೇಲ್ಭಾಗದಲ್ಲಿ ಹಡ್ಸನ್ ಫಾಲ್ಸ್ ಮತ್ತು ಫೋರ್ಟ್ ಎಡ್ವರ್ಡ್ ಎಂಬ ಎರಡು ಊರುಗಳಿವೆ. ಅಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಕೆಪಾಸಿಟರ್ ಕಾರ್ಖಾನೆಗಳಿದ್ದವು. 1947ರಿಂದ 1977ರವರೆಗೆ ಈ ಕಾರ್ಖಾನೆಗಳಿಂದ ನದಿಗೆ ಸೇರಿದ ಪಿ.ಸಿ.ಬಿ. ರಾಸಾಯನಿಕದ ಪ್ರಮಾಣ 13 ಲಕ್ಷ ಪೌಂಡುಗಳವರೆಗೂ ಇರಬಹುದೆಂದು ಅಂದಾಜು.

ಅಮೆರಿಕದಲ್ಲಿ 1929ರಿಂದ ತಯಾರಾಗತೊಡಗಿದ ಪಿ.ಸಿ.ಬಿ.ಯನ್ನು ವಿದ್ಯುತ್ ಉಪಕರಣಗಳವರು ವರವೆಂದೇ ಭಾವಿಸಿದ್ದರು. ಅದು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಕೆಡುವುದಿಲ್ಲ, ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಕಾರ್ಖಾನೆಯೊಳಗೆ ಗುಣವಾಗಿದ್ದ ಈ ಗಟ್ಟಿತನವೇ ನದಿಯಲ್ಲಿ ದೋಷವಾಯಿತು. ಪಿ.ಸಿ.ಬಿ. ನೀರಿನಲ್ಲಿ ಕರಗುವುದು ಅತ್ಯಲ್ಪ. ಅದು ಕೆಸರಿಗೆ ಅಂಟಿಕೊಳ್ಳುತ್ತದೆ, ಕೊಬ್ಬಿನಲ್ಲಿ ಕರಗುತ್ತದೆ. ಕೆಸರಿನ ಹುಳುವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಮೆಟ್ಟಿಲು ಮೆಟ್ಟಿಲಿಗೂ ಅದರ ಸಾಂದ್ರತೆ ಏರುತ್ತದೆ. ಪೊಕಿಪ್ಸಿ ನಗರ ಇದೇ ನದಿಯ ನೀರನ್ನು ಶುದ್ಧೀಕರಿಸಿ ಕುಡಿಯುತ್ತದೆ, ಆದರೆ ಅದೇ ನದಿಯ ಮೀನಿಗೆ ನಿರ್ಬಂಧವಿದೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಅಪಾಯವನ್ನು ಅಳೆಯುವವರು ಯಾವುದನ್ನು ಅಳೆಯಬೇಕೆಂದು ಮೊದಲು ತಿಳಿದಿರಬೇಕು, ಅಷ್ಟೆ.

1966ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಸೋರೆನ್ ಯೆನ್ಸೆನ್ ಅವರು ಡಿ.ಡಿ.ಟಿ.ಯನ್ನು ಹುಡುಕುತ್ತಿದ್ದಾಗ ಮೀನು ಮತ್ತು ಹದ್ದಿನ ದೇಹದಲ್ಲಿ ಪಿ.ಸಿ.ಬಿ.ಯನ್ನು ಗುರುತಿಸಿದರು. 1970ರಲ್ಲಿ ರಾಬರ್ಟ್ ಬಾಯ್ಲ್ ಎಂಬ ಪತ್ರಕರ್ತರು ಹಡ್ಸನ್ನಿನ ಸ್ಟ್ರೈಪ್ಡ್ ಬಾಸ್ ಮೀನಿನಲ್ಲೂ ಅದು ಇದೆಯೆಂದು ಬರೆದರು. 1973ರಲ್ಲಿ ಫೋರ್ಟ್ ಎಡ್ವರ್ಡಿನ ಹಳೆಯ ಅಣೆಕಟ್ಟನ್ನು ತೆಗೆದಾಗ ಅದರ ಹಿಂದೆ ಸಂಗ್ರಹವಾಗಿದ್ದ ಕೆಸರು ಕೆಳಕ್ಕೆ ಹರಿಯಿತು. 1976ರಲ್ಲಿ ಮೇಲ್ಭಾಗದ ಮೀನುಗಾರಿಕೆಯನ್ನೂ ಕೆಳಭಾಗದ ಸ್ಟ್ರೈಪ್ಡ್ ಬಾಸ್ ವ್ಯಾಪಾರವನ್ನೂ ಸರ್ಕಾರ ನಿಲ್ಲಿಸಿತು. ತಲೆಮಾರುಗಳಿಂದ ಬಲೆ ಬೀಸಿದ್ದ ಕುಟುಂಬಗಳ ಕಸುಬು ಹೋಯಿತು. ಆ ವರ್ಷದ ವಿಚಾರಣೆಯಲ್ಲಿ ಕಂಪೆನಿಯಷ್ಟೇ ಅಲ್ಲದೆ, ಕಣ್ಣಿಡಬೇಕಾಗಿದ್ದ ರಾಜ್ಯ ಸರ್ಕಾರವೂ ಹೊಣೆಯೆಂದು ತೀರ್ಮಾನವಾಯಿತು.

ಹಡ್ಸನ್ ಫಾಲ್ಸಿನಿಂದ ನ್ಯೂಯಾರ್ಕ್ ನಗರದವರೆಗಿನ ಸುಮಾರು 200 ಮೈಲಿ 1984ರಲ್ಲಿ ಕೇಂದ್ರ ಸರ್ಕಾರದ ಸೂಪರ್‌ಫಂಡ್ ಪಟ್ಟಿಗೆ ಸೇರಿತು. ಕೆಸರನ್ನು ಎತ್ತಬೇಕೇ, ಕದಡದೆ ಬಿಡಬೇಕೇ ಎಂಬ ವಾದ ಬಹುಕಾಲ ನಡೆದು, 2002ರಲ್ಲಿ ಎತ್ತುವ ತೀರ್ಮಾನವಾಯಿತು. 2009ರಲ್ಲಿ ಆರಂಭವಾಗಿ 2015ಕ್ಕೆ ಮುಗಿದ ಕೆಲಸದಲ್ಲಿ ಸುಮಾರು 27.5 ಲಕ್ಷ ಘನಗಜ ಕೆಸರನ್ನು ತೆಗೆಯಲಾಯಿತು.

ಸ್ವಚ್ಛವಾಯಿತೆಂದು ಹೇಳುವುದು ಯಾವಾಗ? ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟುಕೊಂಡ ಅಂತಿಮ ಗುರಿ, ಒಂದು ಕಿಲೋ ಮೀನಿನ ಮಾಂಸದಲ್ಲಿ 0.05 ಮಿಲಿಗ್ರಾಂ ಪಿ.ಸಿ.ಬಿ. ವಯಸ್ಕರೊಬ್ಬರು ವಾರಕ್ಕೊಮ್ಮೆ ಅರ್ಧ ಪೌಂಡು ಮೀನು ತಿನ್ನುವರೆಂಬ ಲೆಕ್ಕದಿಂದ ಬಂದ ಸಂಖ್ಯೆ ಇದು. ಎಲ್ಲ ಜಾತಿಯ ಮೀನುಗಳೂ ಆ ಮಟ್ಟಕ್ಕೆ ಬರಲು 55 ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗಬಹುದೆಂದು ಅದೇ ಸಂಸ್ಥೆ ಹೇಳಿದೆ.

ಈ ಲೆಕ್ಕದೊಳಗೆ ಒಂದು ಅಡುಗೆಮನೆ ಅಡಗಿದೆ ಎಂಬುದನ್ನು ಓದುಗರು ಗಮನಿಸಬೇಕು. ಅಲ್ಲಿ ಅಳೆಯುವುದು ಮುಳ್ಳು ಬಿಡಿಸಿದ ಮಾಂಸದ ತುಂಡನ್ನು. ಚರ್ಮ, ಕೊಬ್ಬುಗಳನ್ನು ತೆಗೆದು, ಬೇಯುವಾಗ ಇಳಿದ ರಸವನ್ನು ಚೆಲ್ಲಿ ಎಂದು ಆರೋಗ್ಯ ಇಲಾಖೆ ಸಲಹೆ ಕೊಡುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ತಲೆಯೂ ಸಾರಿಗೆ ಬೀಳುತ್ತದೆ, ಇಳಿದ ಕೊಬ್ಬು ಸಾರಿನಲ್ಲೇ ಉಳಿದು ಅನ್ನಕ್ಕೆ ಬರುತ್ತದೆ. ಕುದಿಸಿದ ಮಾತ್ರಕ್ಕೆ ಪಿ.ಸಿ.ಬಿ. ನಾಶವಾಗುವುದಿಲ್ಲ. ವಾರಕ್ಕೆ ಮೂರು ಸಲ ಮೀನು ಮಾಡುವ ಮನೆಗೆ ವಾರಕ್ಕೊಮ್ಮೆಯ ಲೆಕ್ಕ ಹೊಂದುವುದೂ ಇಲ್ಲ. ನದಿಯ ದಡದಲ್ಲಿ ಗಾಳ ಹಾಕಿ ಊಟಕ್ಕೆ ಮೀನು ಒಯ್ಯುವವರಲ್ಲಿ ಬಡವರೂ ನಮ್ಮಂತೆ ಹೊರಗಿನಿಂದ ಬಂದವರೂ ಇದ್ದಾರೆ. ಹಲಗೆಯ ಮೇಲಿನ ಎಚ್ಚರಿಕೆಯನ್ನು ಅವರೆಲ್ಲರೂ ಓದಬಲ್ಲರೆಂದು ಹೇಳಲಾಗದು.

ಹಡ್ಸನ್ ಫಾಲ್ಸಿನಿಂದ ಟ್ರಾಯ್ ಅಣೆಕಟ್ಟಿನವರೆಗೆ ಹಿಡಿದ ಮೀನನ್ನು ಯಾರೂ ತಿನ್ನಬಾರದು. ಅಲ್ಲಿ 1995ರಿಂದ ಹಿಡಿದು ಬಿಡಲು ಮಾತ್ರ ಅನುಮತಿ. ಅದರ ಕೆಳಗೆ ಸ್ಥಳ ಮತ್ತು ಜಾತಿಯನ್ನನುಸರಿಸಿ ಸಲಹೆ ಬೇರೆಯಾಗುತ್ತದೆ. ಮಕ್ಕಳಿಗೂ ಇನ್ನು ತಾಯಿಯಾಗಬಹುದಾದ ಹೆಂಗಸರಿಗೂ ಅದು ಹೆಚ್ಚು ಬಿಗಿ, ಏಕೆಂದರೆ ದೇಹದಲ್ಲಿ ಕೂಡಿಟ್ಟ ಪಿ.ಸಿ.ಬಿ. ಗರ್ಭದ ಶಿಶುವಿಗೂ ಎದೆಹಾಲಿಗೂ ಹೋಗುತ್ತದೆ. ಬೇಸಿಗೆಯಲ್ಲಿ ಮಕ್ಕಳೊಡನೆ ಗಾಳ ಹಿಡಿದು ಹೊರಡುವ ಸದಸ್ಯರು ಆಯಾ ವರ್ಷದ ಸಲಹೆಯನ್ನು ತರಿಸಿ ಓದಿಕೊಳ್ಳಲಿ. ದಡದಲ್ಲಿ ಪಕ್ಕಕ್ಕೆ ನಿಂತವರಿಗೂ ಅದನ್ನು ತಿಳಿಸಲಿ ಎಂದು ನಮ್ಮ ಕೋರಿಕೆ.