ಕಾಳಿಯ ಕಲ್ಲು, ನಮ್ಮವರ ಗುಣಿ

ಸತ್ತವರ ಕಲ್ಲುಗಳಲ್ಲಿ ಚರಿತ್ರೆ ಇದೆ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಯಾರ ಚರಿತ್ರೆ ಅಂತ ಕೇಳುವುದನ್ನು ಮಾತ್ರ ಹೇಳಿಕೊಡಲಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡೋಣ. ಕ್ರಿ.ಶ. 949-50ರ ಶಾಸನ ಅದು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರು, ಗಂಗರು ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಅಲ್ಲಿ ಚೆನ್ನಾಗಿ ಕಾದಿದ ಮಣಲೆರನಿಗೆ ದೊರೆ ಮೆಚ್ಚಿ 'ಏನು ಬೇಕೋ ಬೇಡು' ಅಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಎರಡೂ ಹೋರಾಡಿ ಸತ್ತವು. ಕಾಳಿಗಾಗಿ ಚಲ್ಲೇಶ್ವರ ಗುಡಿಯ ಹತ್ತಿರ ಕಲ್ಲು ನೆಟ್ಟರು, ಎರಡು ಖಂಡುಗ ಭೂಮಿ ಬಿಟ್ಟರು. ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಅಂತಲೂ ಬರೆಸಿದರು. ಆ ಕಲ್ಲೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಾಯಿಯ ಮೇಲೆ ನಮಗೆ ಸಿಟ್ಟಿಲ್ಲ. ಅದೂ ಒಡೆಯನಿಗಾಗಿ ಸತ್ತ ಜೀವವೇ. ನಾವು ಕೇಳೋದು ಇಷ್ಟು: ಹೆಸರು ಉಳಿಯಬೇಕಾದರೆ ಏನು ಬೇಕು? ನೆಡಿಸುವ ಒಡೆಯ ಬೇಕು, ಕೆತ್ತುವವನಿಗೆ ಕೂಲಿ ಬೇಕು, ಅಕ್ಷರ ಬೇಕು, ಬೆನ್ನಿಗೆ ಭೂಮಿ ಬೇಕು. ನಮ್ಮ ಕೇರಿಗಳಿಗೆ ಇವನ್ನೆಲ್ಲ ಯಾರು ಕೊಟ್ಟರು?

ಊರಲ್ಲಿ ಯಾರು ಸತ್ತರೂ ಸಾವಿನ ಸುದ್ದಿ ಹೊತ್ತು ಊರೂರು ನಡೆದವರು ನಮ್ಮವರು. ಗುಣಿ ತೋಡಿದವರು, ಸೌದೆ ಒಟ್ಟಿದವರು, ತಮಟೆ ಬಡಿದವರು ನಮ್ಮವರು. ಅದು ಬಿಟ್ಟಿ ಚಾಕರಿ. ತೋಡಿದವನೇ ಸತ್ತಾಗ? ಹಳ್ಳದ ದಂಡೆ, ಕೆರೆಯಂಗಳ, ಇಲ್ಲವೇ ಯಾವುದೋ ಬೇಲಿಯ ಸಂದು. ತಲೆದೆಸೆಗೆ ಒಂದು ಕಾಡುಕಲ್ಲು, ನಾಯಿನರಿ ಕೆದಕದಂತೆ ಮೇಲೊಂದಿಷ್ಟು ಮುಳ್ಳು. ನಾಲ್ಕು ಮಳೆಗಾಲ ಕಳೆದರೆ ಯಾರ ಗುಣಿ ಯಾವುದು ಅಂತ ಮಕ್ಕಳಿಗೂ ಗೊತ್ತಾಗೋದಿಲ್ಲ.

ಕಲ್ಲಿನ ಮೇಲೆ ಹೆಸರಿದ್ದರೆ ಏನಾಗುತ್ತದೆ? ಪುಣೆ ಹತ್ತಿರದ ಕೋರೆಗಾಂವ್ ನೋಡಿ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯದೊಡನೆ ಅಲ್ಲಿ ನಡೆದ ಕಾಳಗದ ನೆನಪಿಗೆ ಕಂಪೆನಿ ಸರ್ಕಾರ ಒಂದು ಕಂಬ ನಿಲ್ಲಿಸಿತು. ಅದು ನಿಂತದ್ದು ಕಂಪೆನಿಯ ಹೆಮ್ಮೆಗೆ, ನಮ್ಮವರ ಮೇಲಿನ ಪ್ರೀತಿಗಲ್ಲ. ಆದರೂ ಸತ್ತವರ ಪಟ್ಟಿಯಲ್ಲಿ 22 ಹೆಸರುಗಳು 'ನಾಕ' ಎಂದು ಮುಗಿಯುತ್ತವೆ. ಅವರೆಲ್ಲ ಮಹಾರರು. 1927ರ ಜನವರಿ 1ರಂದು ಬಾಬಾಸಾಹೇಬ ಅಂಬೇಡ್ಕರ್ ಆ ಕಂಬದ ಮುಂದೆ ಹೋಗಿ ನಿಂತರು. ಅಂದಿನಿಂದ ಆ ಹೆಸರುಗಳು ಬರೀ ಕಲ್ಲಿನ ಮೇಲೆ ಉಳಿದಿಲ್ಲ, ಜನರ ಬಾಯಿಗೆ ಬಂದಿವೆ.

ಸ್ಮಶಾನವನ್ನು ಉಳಿದವರಂತೆ ಬಳಸಲು ದಲಿತರಿಗೆ ಅಡ್ಡಿ ಮಾಡಿದರೆ ಅದು ದೌರ್ಜನ್ಯ ಅಂತ 1989ರ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಆದರೆ ಅಡ್ಡಿ ಬಂದಾಗ ತಾಲ್ಲೂಕು ಕಚೇರಿಯಲ್ಲಿ ಮೊದಲು ಕೇಳೋದು 'ನಿಮ್ಮವರನ್ನು ಅಲ್ಲಿ ಹೂಳ್ತಿದ್ರು ಅನ್ನೋದಕ್ಕೆ ದಾಖಲೆ ಎಲ್ಲಿ?' ಅಂತ. ಬರೆಯದ ಕಲ್ಲು ಯಾವ ಸಾಕ್ಷಿ ಹೇಳೀತು?

ಹಳ್ಳಿಯ ಮೇಷ್ಟ್ರೇ, ಓದುವ ತಮ್ಮ ತಂಗಿಯರೇ, ಈ ಕೆಲಸಕ್ಕೆ ಶಾಸನ ಪಂಡಿತರು ಬೇಕಿಲ್ಲ. ನಿಮ್ಮ ಕೇರಿಯ ಹಿರಿಯರನ್ನು ಜೊತೆಗೆ ಕರಕೊಂಡು ಗುಣಿಗಳ ಹತ್ತಿರ ಹೋಗಿ. ಯಾರ ಗುಣಿ, ಯಾರ ಮಗಳು, ಯಾವ ಕೆಲಸ ಮಾಡುತ್ತಿದ್ದರು, ಯಾವ ಬರಗಾಲದಲ್ಲಿ, ಯಾವ ರೋಗದಲ್ಲಿ ಸತ್ತರು, ಎಲ್ಲ ಕೇಳಿ ಬರೆದುಕೊಳ್ಳಿ. ಜಾಗದ ಸರ್ವೆ ನಂಬರನ್ನೂ ಬರೆಯಿರಿ. ಆಮೇಲೆ ಆ ಜಾಗ ಪಹಣಿಯಲ್ಲಿ ಸ್ಮಶಾನ ಅಂತ ಏರುವವರೆಗೆ ಕಚೇರಿಯ ಬಾಗಿಲು ಬಿಡಬೇಡಿ.