ಕಂಸದೊಳಗಿನ ಒಂದು ಸಾಲು

ಹಸ್ತಪ್ರತಿಗಳ ಪಾಠಾಂತರ ನೋಡಿ ಅಭ್ಯಾಸವಾದವರಿಗೆ ಲಿನಕ್ಸ್ ಕರ್ನಲ್‌ನ ಇತಿಹಾಸ ಅಷ್ಟೇನೂ ಅಪರಿಚಿತ ಅನ್ನಿಸುವುದಿಲ್ಲ. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಈ ಮೂಲ ತಂತ್ರಾಂಶಕ್ಕೆ ಸೇರುವ ತಿದ್ದುಪಡಿಗಳನ್ನು 'ಪ್ಯಾಚ್' ಎನ್ನುತ್ತಾರೆ. ಬರೆದವರ ಸಹಿ, ಒಪ್ಪಿ ಸೇರಿಸಿಕೊಂಡವರ ಸಹಿ ಎರಡೂ ಅದರ ಕೆಳಗೆ ಉಳಿಯುತ್ತವೆ. 2011ರ ಫೆಬ್ರವರಿಯ ಅಂಥದೊಂದು ಪ್ಯಾಚ್ ನನ್ನನ್ನು ಬಹಳ ದಿನ ಹಿಡಿದಿಟ್ಟಿತು.

ಸಮಸ್ಯೆ ವಠಾರದ ಕರೆಂಟ್ ಬಿಲ್ಲಿನಂಥದು. ಪ್ರೊಸೆಸರ್‌ನೊಳಗೆ ಬೆರಳೆಣಿಕೆಯಷ್ಟು ಕೌಂಟರ್‌ಗಳಿರುತ್ತವೆ. ಎಷ್ಟು ಆದೇಶಗಳು ನಡೆದವು, ಬೇಕಾದ ದತ್ತಾಂಶ ಹತ್ತಿರದ ಕ್ಯಾಶ್‌ನಲ್ಲಿ ಎಷ್ಟು ಸಲ ಸಿಗಲಿಲ್ಲ ಎಂಬುದನ್ನೆಲ್ಲ ಅವು ಎಣಿಸುತ್ತವೆ. ಒಂದು ಪ್ರೋಗ್ರಾಮಿನ ಲೆಕ್ಕ ಸಿಗುತ್ತಿತ್ತು, ಇಡೀ ಯಂತ್ರದ ಲೆಕ್ಕವೂ ಸಿಗುತ್ತಿತ್ತು. ಆದರೆ 2008ರ ಆರಂಭದಲ್ಲಿ ಕರ್ನಲ್‌ಗೆ ಬಂದ 'ಸಿಗ್ರೂಪ್' ಹತ್ತಾರು ಪ್ರೋಗ್ರಾಮುಗಳನ್ನು ಒಂದು ಗುಂಪಾಗಿ ಕಟ್ಟುತ್ತದೆ. ಆ ಗುಂಪು ಒಂದು ಸಂಸಾರವಿದ್ದಂತೆ. ವಠಾರಕ್ಕೆಲ್ಲ ಒಂದೇ ಮೀಟರ್. ಯಾವ ಸಂಸಾರ ಎಷ್ಟು ಉರಿಸಿತು?

ಇದಕ್ಕೆ ಉತ್ತರ ಬರೆದವರು ಗೂಗಲ್‌ನಲ್ಲಿದ್ದ ಸ್ಟೆಫಾನ್ ಎರಾನಿಯನ್. ಅವರ ಹಿನ್ನೆಲೆ ತಿಳಿಯದೆ ಈ ಕಥೆ ಅರ್ಥವಾಗದು. ಎಚ್‌ಪಿಯಲ್ಲಿದ್ದಾಗ ಅವರು ಇಂಥ ಎಣಿಕೆಗೆಂದೇ 'ಪರ್ಫ್‌ಮಾನ್' ಕಟ್ಟಿದ್ದರು. ಅದರ ಮುಂದಿನ ರೂಪ ವರ್ಷಗಟ್ಟಲೆ ಕರ್ನಲ್‌ನ ಹೊಸ್ತಿಲಲ್ಲೇ ಕಾಯಿತು. 2008ರ ಡಿಸೆಂಬರ್‌ನಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೋಲ್ನಾರ್ ಬೇರೆಯೇ ವಿನ್ಯಾಸ ಮುಂದಿಟ್ಟರು. 2009ರಲ್ಲಿ ಅದು ಒಳಗೂ ಹೋಯಿತು. ತನ್ನ ಮನೆಯ ಬದಲು ಎದ್ದುನಿಂತ ಮನೆಗೇ ಎರಾನಿಯನ್ ಕೋಣೆ ಕಟ್ಟಿಕೊಡಲು ಬಂದರು. ಪರಿಶೀಲಿಸಿದವರು ಆ ಮನೆಯವರೇ ಆದ ಪೀಟರ್ ಜಿಲ್‌ಸ್ಟ್ರಾ.

ಪ್ಯಾಚ್ ಹಲವು ಸಲ ತಿದ್ದಿಸಿಕೊಂಡಿತು. ಪ್ರೊಸೆಸರ್ ಒಂದು ಪ್ರೋಗ್ರಾಮನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಸರದಿ ಬದಲಾವಣೆ ಸೆಕೆಂಡಿಗೆ ಸಾವಿರಾರು ಸಲ ನಡೆಯಬಹುದು. ಗುಂಪಿನ ಕೌಂಟರ್‌ಗಳನ್ನು ನಿಲ್ಲಿಸಿ ಹೊರಡಿಸಬೇಕಾದದ್ದು ಅಲ್ಲಿಯೇ. ಆದ್ದರಿಂದ ಎಣಿಕೆ ಬೇಡದವರ ಮೇಲೆ ಅದರ ಭಾರ ಬೀಳದಂತೆ ನೋಡಿಕೊಳ್ಳಬೇಕಿತ್ತು. ಹೊಸ ಸಿಸ್ಟಂ ಕರೆಯನ್ನೂ ಸೇರಿಸಲಿಲ್ಲ. ಪ್ರೋಗ್ರಾಮಿನ ಸಂಖ್ಯೆ ಕೊಡುವ ಜಾಗದಲ್ಲೇ ಗುಂಪಿನ ಗುರುತು ಕೊಟ್ಟರಾಯಿತು. (ಇದು ಜಾಣತನವೋ ಜುಗ್ಗತನವೋ, ನನಗಿನ್ನೂ ತೀರ್ಮಾನವಾಗಿಲ್ಲ.)

ಸಹಿಗಳ ನಡುವೆ ಕಂಸದಲ್ಲಿ ಒಂದು ಪುಟ್ಟ ಟಿಪ್ಪಣಿಯಿದೆ. ಪ್ರೋಗ್ರಾಮು ಕೊನೆಗೊಂಡಾಗ ಮತ್ತು ಬೇರೆ ಗುಂಪಿಗೆ ಸೇರಿದಾಗ ಏನಾಗಬೇಕೆಂಬ ಎರಡು ಭಾಗಗಳನ್ನು ಸೇರಿಸಲಾಗಿದೆ ಎನ್ನುತ್ತದೆ ಅದು. ಕೆಳಗಿರುವ ಸಹಿ ಜಿಲ್‌ಸ್ಟ್ರಾ ಅವರದು. ಸಂಸಾರದಲ್ಲಿ ಯಾರೋ ಸಾಯುತ್ತಾರೆ, ಯಾರೋ ಮನೆ ಬದಲಿಸುತ್ತಾರೆ. ಮೀಟರಿಗೆ ಅದು ಗೊತ್ತಾಗಬೇಕು. ವಿಮರ್ಶಕ ಇಲ್ಲಿ ತಪ್ಪು ತೋರಿಸಿ ಸುಮ್ಮನಾಗಲಿಲ್ಲ, ತಾನೇ ಬರೆದ. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಇದಕ್ಕೆ ಅವಕಾಶವಿಲ್ಲ, ಸಂಪಾದಕರು ಗುಟ್ಟಾಗಿ ಮಾಡಿದರೆ ಬೇರೆ ಮಾತು.

ಪ್ಯಾಚ್ 2011ರ ಮೇ ತಿಂಗಳಲ್ಲಿ 2.6.39 ಆವೃತ್ತಿಯ ಜೊತೆ ಹೊರಬಂತು. ಆಗಸ್ಟ್ ಕೊನೆಯಲ್ಲಿ ಮತ್ತೊಂದು ತಿದ್ದುಪಡಿ ಬಂತು: ಸರದಿ ಬದಲಾಗುವಾಗಿನ ಕೋಡ್ ತಪ್ಪಾಗಿದೆ, ಎಣಿಕೆ ಸುಳ್ಳು ಬರುತ್ತಿದೆ, ಮೇಲಾಗಿ ಯಂತ್ರ ನಿಧಾನವಾಗುತ್ತಿದೆ ಎಂದು. ಅಷ್ಟು ಕಣ್ಣುಗಳನ್ನು ದಾಟಿ ಬಂದ ತಪ್ಪು ಅದು. ಸುಳ್ಳು ಸಂಖ್ಯೆಯೂ ನೋಡುವುದಕ್ಕೆ ಸಂಖ್ಯೆಯ ಹಾಗೆಯೇ ಇರುತ್ತದಲ್ಲ. ತಪ್ಪನ್ನು ವರದಿ ಮಾಡಿ ಸರಿಪಡಿಸಿದವರ ಸಹಿ ನೋಡಿದೆ: ಎರಾನಿಯನ್.